ಹೆಚ್ಚಿನ ಅಧ್ಯಯನ ಅಗತ್ಯವಿದೆ

ಫೆಬ್ರವರಿ 6

ಇವತ್ತು ನಿರ್ದೇಶಕರು ಕರೆಸಿ, ನನ್ನ ವರದಿಯಲ್ಲಿ ಒಂದು ವಾಕ್ಯ ಬದಲಿಸಲು ಹೇಳಿದರು. “ಒಂದೇ ಒಂದು ವಾಕ್ಯ ಮೇಡಂ. ಮಿಕ್ಕಿದ್ದೆಲ್ಲ ಚಿನ್ನ.”

ಚಿನ್ನವಂತೆ! ಆ ಒಂದು ವಾಕ್ಯಕ್ಕಾಗಿಯೇ ಮಿಕ್ಕಿದ್ದೆಲ್ಲ ಬರೆದದ್ದು ಎಂಬುದು ತಿಳಿಯದಷ್ಟು ದಡ್ಡರೇನಲ್ಲ ಅವರು.

ನಾನು ಬರೆದದ್ದು ಇಷ್ಟು: ಹಾಲುಪುಡಿ ಕಂಪನಿಯವರು ಹೆರಿಗೆ ವಾರ್ಡಿನೊಳಗೆ ಓಡಾಡಿಕೊಂಡು ಬಾಣಂತಿಯರಿಗೆ ಪುಕ್ಕಟೆ ಡಬ್ಬಿ ಹಂಚುವ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಎದೆಹಾಲು ಬೇಗ ತಪ್ಪುತ್ತದೆ, ಆ ಮಕ್ಕಳು ಭೇದಿ, ಕೆಮ್ಮು, ಜ್ವರ ಎಂದು ಹೆಚ್ಚು ಸಲ ಆಸ್ಪತ್ರೆಗೆ ಮರಳಿ ಬರುತ್ತವೆ. ಕೈಯಲ್ಲಿ ಕಾಸಿಲ್ಲದ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಪುಕ್ಕಟೆ ಡಬ್ಬಿ ಖಾಲಿಯಾಗುವ ಹೊತ್ತಿಗೆ ತಾಯಿಯ ಹಾಲು ಬತ್ತಿರುತ್ತದೆ. ಕೊಂಡು ತಂದ ಡಬ್ಬಿಗೆ ನೀರು ಜಾಸ್ತಿ ಬೆರೆಸಿ ತಿಂಗಳು ತಳ್ಳುತ್ತಾರೆ. ನಾಲ್ಕು ವರ್ಷ ಊರೂರು ಸುತ್ತಿ, ಮಕ್ಕಳನ್ನು ತೂಗಿ, ತಾಯಂದಿರನ್ನು ಮಾತಾಡಿಸಿ ಕಂಡುಕೊಂಡದ್ದು.

ನಿರ್ದೇಶಕರು ಅದರ ಜಾಗದಲ್ಲಿ ಬರೆದಿಟ್ಟುಕೊಂಡಿದ್ದು: “ಇಂಥ ಸಂಬಂಧ ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಹೆಚ್ಚಿನ ಅಧ್ಯಯನ ಅಗತ್ಯವಿದೆ.”

“ಸರ್, ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು” ಎಂದೆ.

“ವಿಜ್ಞಾನ ಅಂದ್ರೆ ವಿನಯ ಅಲ್ವಾ ಮೇಡಂ?”

ಈ ವಿನಯ ಯಾವತ್ತು ಹುಟ್ಟಿತು ಎಂದು ನನಗೆ ಗೊತ್ತು. ಅದೇ ಕಂಪನಿ ನಮ್ಮ ಸಂಸ್ಥೆಗೆ ಹೊಸ ಪ್ರಯೋಗಾಲಯ ಕಟ್ಟಿಸಿಕೊಡುತ್ತೇನೆ ಎಂದ ದಿನ. ಕಟ್ಟಡದ ನಕ್ಷೆ ನಿರ್ದೇಶಕರ ಮೇಜಿನ ಗಾಜಿನಡಿ ಹಾಸಿಕೊಂಡು ಮಲಗಿದೆ. ನಾಚಿಕೆಗಾದರೂ ಮೇಲೊಂದು ಫೈಲು ಇಡಬಾರದೇ!

ತಾಯಂದಿರಿಗೂ ಬುದ್ಧಿ ಬೇಡವೇ? ಪುಕ್ಕಟೆ ಕೊಟ್ಟರೆಂದು ಕೈಯೊಡ್ಡುವುದೇ? ಅದನ್ನೂ ಕೊನೆಯ ಅಧ್ಯಾಯದಲ್ಲಿ ಬರೆದಿದ್ದೇನೆ: “ತಾಯಂದಿರಲ್ಲಿ ಅರಿವಿನ ಕೊರತೆ ಎದ್ದು ಕಾಣುತ್ತದೆ.” ಆ ವಾಕ್ಯದ ಬಗ್ಗೆ ನಿರ್ದೇಶಕರಿಗೆ ಯಾವ ತಕರಾರೂ ಇಲ್ಲ.

ಈ ಮಾತುಕತೆಯಲ್ಲಿ ಲೆಕ್ಕದಮ್ಮ ನನ್ನ ಪಕ್ಕ ಇರಬೇಕಿತ್ತು. ಅಂಕಿಅಂಶವೆಲ್ಲ ಅವಳದೇ, ಆ ಅಡ್ಡಹೆಸರು ಬಂದದ್ದೂ ಅದಕ್ಕೇ. ಆದರೆ ಹೆರಿಗೆ ರಜೆ ಮುಗಿಸಿ ಬಂದಾಗಿನಿಂದ ಸಭೆಯ ನಡುವೆ ಎದ್ದು ಹೋಗುವುದೊಂದು ಚಾಳಿಯಾಗಿದೆ. ಕೇಳಿದರೆ “ಐದೇ ನಿಮಿಷ ಮೇಡಂ.” ನಾನೂ ಮಗು ಹೆತ್ತು ಕೆಲಸ ಮಾಡಿದವಳೇ.

ಮಗಳು ಫೋನ್ ಮಾಡಿದ್ದಳು. ತೆಗೆಯಲಾಗಲಿಲ್ಲ.

ಫೆಬ್ರವರಿ 11

ಕಂಪನಿಯ ಮನುಷ್ಯ ನನ್ನ ಕೋಣೆಗೇ ಬಂದ. ಇಸ್ತ್ರಿ ಮಾಡಿದ ನಗು. “ಮೇಡಂ, ನಾವೂ ತಾಯಿಹಾಲಿನ ಪರವೇ. ನಮ್ಮ ಡಬ್ಬಿ ಮೇಲೇ ಬರೆದಿದೀವಲ್ಲ, ತಾಯಿಹಾಲೇ ಶ್ರೇಷ್ಠ ಅಂತ!”

ಬರೆದಿದ್ದಾರೆ, ನಿಜ. ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ಕಿಟಕಿಯ ಹತ್ತಿರ ಹಿಡಿದರೆ ಕಾಣುತ್ತದೆ. ಮುಂಭಾಗದಲ್ಲಿ ಮಾತ್ರ ಅಂಗೈಯಗಲದ ಅಕ್ಷರ: ತಾಯಿಯ ಮಡಿಲಿನಷ್ಟೇ ಹತ್ತಿರ. ನನಗೊಂದು ಚರ್ಮದ ಚೀಲ ಉಡುಗೊರೆ ತಂದಿದ್ದ. “ಇದನ್ನ ನಿಮ್ಮ ಜೊತೇಲೇ ತಗೊಂಡು ಹೋಗಿ, ಮರೆತು ಬಿಟ್ಟುಹೋದ್ರೆ ಜವಾನನ ಕೈಲಿ ಗೇಟಿನ ಆಚೆ ಇಡಿಸ್ತೀನಿ” ಎಂದೆ. ಆಗಲೂ ನಗುತ್ತಲೇ ಇದ್ದ. ಮೈ ಉರಿದುಹೋಯಿತು.

ತಲೆ ತಣ್ಣಗಾಗಲಿ ಎಂದು ಮಾದರಿಗಳ ಕೋಣೆಗೆ ಹೋದೆ. ಇಷ್ಟು ವರ್ಷ ಸಂಗ್ರಹಿಸಿದ ಎದೆಹಾಲಿನ ಸೀಸೆಗಳೆಲ್ಲ ಅಲ್ಲಿ, ಸಾಲು ಸಾಲು ಫ್ರೀಜರುಗಳಲ್ಲಿ ಹೆಪ್ಪುಗಟ್ಟಿ ಕೂತಿವೆ. ನೋಡಿದರೆ ಎರಡು ಫ್ರೀಜರುಗಳ ನಡುವಿನ ಸಂದಿಯಲ್ಲಿ, ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಲೆಕ್ಕದಮ್ಮ ಕೂತಿದ್ದಾಳೆ, ಅಂಗಿಯ ಗುಂಡಿ ಬಿಚ್ಚಿಕೊಂಡು, ಕೈಪಂಪಿನಿಂದ ಹಾಲು ತೆಗೆಯುತ್ತ. ಮೇಲೆ ಸ್ವೆಟರ್, ಕೊರಳಿಗೆ ಮಫ್ಲರ್. ಆ ಕೋಣೆಯ ಚಳಿ ಅಂಥದು.

“ಇಲ್ಲೇನಮ್ಮ?”

“ಬೇರೆ ಎಲ್ಲೂ ಚಿಲಕ ಇಲ್ಲ ಮೇಡಂ. ಟಾಯ್ಲೆಟ್ಟಲ್ಲಿ ಕೂತು ತೆಗೆದಿದ್ದನ್ನ ಮಗೂಗೆ ಕೊಡೋಕೆ ಮನಸ್ಸು ಬರಲ್ಲ.”

ಮಾದರಿಗಳ ಕೋಣೆಗೆ ಹೊರಗಿನ ಹಾಲು ತರಬಾರದು ಎಂಬ ನಿಯಮವಿದೆ ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ ಜೋರಾಗಿ ನಕ್ಕುಬಿಟ್ಟಳು. ನಗುವಂಥದ್ದೇನಿತ್ತೋ.

ಫೆಬ್ರವರಿ 19

ಮಗಳಿಗೆ ಹೆಣ್ಣುಮಗು. ಸಿಸೇರಿಯನ್. ಇಬ್ಬರೂ ಕ್ಷೇಮ. ಅಜ್ಜನಾದ ಖುಷಿಯಲ್ಲಿ ಇವರು ಆಗಲೇ ಪುಟ್ಟಿ ಎಂದು ಕರೆಯಲು ಶುರುಮಾಡಿದ್ದಾರೆ.

ಮಗಳಿಗೆ ಎಲ್ಲ ಹೇಳಿದೆ: ಆದಷ್ಟು ಬೇಗ ಎದೆಗೆ ಹಾಕಿಕೊ, ಮೊದಲು ಬರುವ ಹಳದಿ ಹಾಲು ಚಮಚೆಯಷ್ಟಿದ್ದರೂ ಸಾಕು, ಬೇರೇನೂ ಕೊಡಬೇಡ, ಮಗು ಕೇಳಿದಾಗೆಲ್ಲ ಕೊಡು. ಅವಳಿಗೆ ಮಂಪರು. ತಲೆಯಾಡಿಸಿದಳು. ಅಷ್ಟರಲ್ಲಿ ನಿರ್ದೇಶಕರ ಫೋನು. ಕಾರಿಡಾರಿನಲ್ಲಿ ನಿಂತು ಎಷ್ಟು ಹೊತ್ತು ವಾದಿಸಿದೆನೋ. ವರದಿಯನ್ನು ಕಟ್ಟಡದ ಒಪ್ಪಂದಕ್ಕೆ ಸಹಿ ಬೀಳುವವರೆಗೆ ತಡೆಹಿಡಿಯಬೇಕಂತೆ. “ಮಕ್ಕಳಿಗೆ ಭೇದಿ ಆಗೋದನ್ನೂ ಅಲ್ಲೀವರೆಗೆ ತಡೆಹಿಡಿಯೋಕಾಗತ್ತಾ ಸರ್?” ಎಂದೆ. “ನೀವು ತುಂಬ ಭಾವುಕರಾಗ್ತೀರಿ ಮೇಡಂ” ಎಂದರು. ಭಾವುಕಳು! ಅವರದು ಲಾಭ, ನನ್ನದು ಭಾವ. ಗಂಡಸು ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದರೆ ಅದಕ್ಕೆ ನಿಷ್ಠುರತೆ ಎಂದು ಹೆಸರಿಟ್ಟು ಹಾರ ಹಾಕುತ್ತಿದ್ದರು.

ಫೆಬ್ರವರಿ 21

ನನ್ನ ಮಗಳ ಹಾಸಿಗೆಯ ಪಕ್ಕದ ಕಪಾಟಿನ ಮೇಲೆ ಡಬ್ಬಿ.

ಅದೇ ಕಂಪನಿ. ಅದೇ ಅಂಗೈಯಗಲದ ಅಕ್ಷರ. ನಾನು ಕಾರಿಡಾರಿನಲ್ಲಿ ಆ ಡಬ್ಬಿಯ ವಿಷಯಕ್ಕೇ ಜಗಳವಾಡುತ್ತಿದ್ದೆ, ಅದು ನನ್ನ ಬೆನ್ನ ಹಿಂದಿನಿಂದ ಒಳಗೆ ಬಂದು ಕೂತಿದೆ! ಯಾರು ಕೊಟ್ಟಿದ್ದು ಎಂದರೆ “ಪಿಂಕ್ ಕೋಟು ಹಾಕ್ಕೊಂಡ ಆಂಟಿ” ಎಂದಳು. ಪಿಂಕ್ ಕೋಟು. ಕಂಪನಿ ತನ್ನ ಹೆಂಗಸರಿಗೆ ನರ್ಸುಗಳ ಕೋಟನ್ನೇ ಹೊಲಿಸಿ, ಬಣ್ಣವೊಂದನ್ನು ಬದಲಿಸಿ ಕಳಿಸುತ್ತದೆ. ವರದಿಯಲ್ಲಿ ಅದಕ್ಕೊಂದು ಪುಟವೇ ಮೀಸಲಿದೆ.

“ನನ್ನ ಮಗಳಾಗಿ ನೀನು ಇಸ್ಕೊಂಡ್ಯಾ?” ಎಂದೆ. ಸ್ವಲ್ಪ ಜೋರಾಯಿತೇನೋ. ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿದರು.

ಅವಳು ಅಳಲು ಶುರುಮಾಡಿದಳು. ವಕೀಲಿ ಮಾಡುವ ಹುಡುಗಿ. ಕೋರ್ಟಿನಲ್ಲಿ ನಿಂತರೆ ಎದುರಿನವರು ನೀರು ಕುಡಿಯಬೇಕು. ಒಂದು ಡಬ್ಬಿಗೆ ಅಳುತ್ತಾಳೆ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಈಗ ಅಡುಗೆಮನೆಯ ಕಟ್ಟೆಯ ಮೇಲಿದೆ. ನೋಡಿದಾಗೆಲ್ಲ ರಕ್ತ ಕುದಿಯುತ್ತದೆ.

ಫೆಬ್ರವರಿ 23

ಪುಟ್ಟಿಯ ತೂಕ ಇಳಿದಿದೆ. ಇಳಿಯಬಹುದಾದ್ದಕ್ಕಿಂತ ಹೆಚ್ಚು. ಮೈ ಹಳದಿ. ಎಬ್ಬಿಸಿದರೂ ಏಳದು, ಎದೆಗಿಟ್ಟರೆ ಎರಡು ಸಲ ಚೀಪಿ ಮಲಗಿಬಿಡುತ್ತದೆ. ಮಕ್ಕಳ ಡಾಕ್ಟರು, ನನಗಿಂತ ತೀರ ಚಿಕ್ಕವರು, ನಿಧಾನವಾಗಿ ಹೇಳಿದರು: “ಅಮ್ಮನ ಹಾಲು ತೆಗೆದು ಮೊದಲು ಅದನ್ನ ಕೊಡೋಣ. ಸಾಲದಿದ್ದಷ್ಟಕ್ಕೆ ಪುಡಿ ಹಾಲು, ಲೋಟದಲ್ಲಿ. ಕೆಲವು ದಿನ ಅಷ್ಟೇ. ನೀವೇ ಬರೆದ ಮಾರ್ಗಸೂಚಿ ಅಲ್ವಾ ಮೇಡಂ ಇದು?”

ನಾನೇ ಬರೆದದ್ದು. ಎಂಟನೆಯ ಅಧ್ಯಾಯ. ಅಂಥ ಮಗುವಿಗೆ ಕೊಡದಿರುವುದೇ ತಪ್ಪು ಎಂದು ತುಂಬ ಸ್ಪಷ್ಟವಾಗಿ ಬರೆದಿದ್ದೇನೆ.

ಕೈ ಮಾತ್ರ ಮುಂದೆ ಹೋಗಲಿಲ್ಲ. ಕೊನೆಗೆ ಇವರೇ ಮನೆಗೆ ಹೋಗಿ ಆ ಡಬ್ಬಿ ತಂದರು. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಜೀವನ ಕಳೆದ ಮನುಷ್ಯ, ಅಚ್ಚಾದದ್ದೆಲ್ಲವನ್ನೂ ಗಟ್ಟಿಯಾಗಿ ಓದದೆ ಬಿಡುವವರಲ್ಲ. ಕನ್ನಡಕವೇರಿಸಿ ಡಬ್ಬಿಯ ಹಿಂಬದಿಯನ್ನು ರೈಲಿನ ವೇಳಾಪಟ್ಟಿ ಸಾರುವ ಹಾಗೆ ಓದಿದರು: “ಕುದಿಸಿ... ಆರಿಸಿದ... ನೀರಿಗೆ... ಮಟ್ಟಸವಾದ ಒಂದು ಚಮಚ...” ವಾರ್ಡಿಗೆ ವಾರ್ಡೇ ಕೇಳಿಸಿಕೊಂಡಿತು. ಮಗಳು ಮೊದಲ ಸಲ ನಕ್ಕಳು. ಹೊಲಿಗೆ ಎಳೆದು “ಅಪ್ಪಾ, ನಗಿಸಬೇಡ” ಎಂದಳು.

ಮಗು ಕುಡಿಯಿತು.

ಫೆಬ್ರವರಿ 24

ಬರೆಯುವಂಥದ್ದೇನಿಲ್ಲ. ಕುಡಿಯಿತು, ಮಲಗಿತು, ಒದ್ದೆ ಮಾಡಿತು.

ಮಾರ್ಚ್ 2

ಮಗಳು, ಮಗು ನಮ್ಮ ಮನೆಯಲ್ಲಿದ್ದಾರೆ. ಅಳಿಯ ಕೆಲಸ ಮುಗಿಸಿ ಸಂಜೆ ಬರುತ್ತಾನೆ.

ಇವತ್ತು ಅವಳಿಗೂ ನನಗೂ ಹತ್ತಿಕೊಂಡಿತು. ಆಸ್ಪತ್ರೆಯ ಮೇಲೆ, ಆ ಪಿಂಕ್ ಕೋಟಿನವಳ ಮೇಲೆ ದೂರು ಕೊಡು, ನೀನೇ ಸಾಕ್ಷಿ ಎಂದೆ.

“ಕೊಡಲ್ಲ.”

“ಯಾಕೆ? ನಿನಗೆ ಮೋಸ ಮಾಡಿದಾಳೆ ಅವಳು.”

“ಮಾಡಿದಾಳೆ. ಗೊತ್ತು. ಹಾಲು ಬರತ್ತೋ ಇಲ್ವೋ ಅಂತ ನನ್ನ ಹೆದರಿಸಿ ಡಬ್ಬಿ ಕೊಟ್ಟಳು. ಆದ್ರೆ ಅಮ್ಮಾ, ಹೊಲಿಗೆ ಉರೀತಿತ್ತು, ಮಗು ಕೆಂಪಾಗಿ ಅಳ್ತಿತ್ತು, ಎತ್ಕೊಳ್ಳೋಕೂ ಬರ್ತಿರಲಿಲ್ಲ ನನಗೆ. ಆಗ ಅವಳು ಬಂದು ಪಕ್ಕ ಕೂತ್ಕೊಂಡ್ಲು. ಬೆನ್ನಿಗೆ ದಿಂಬು ಇಟ್ಟಳು. ನೀರು ಕುಡಿಸಿದಳು. ನನ್ನ ಕೈ ಹಿಡ್ಕೊಂಡು ಸಾಕಾಯ್ತಾ ಕಂದಾ ಅಂದಳು.”

“ಅದು ಅವಳ ಧಂದೆ. ಹಾಗೆ ಅನ್ನು ಅಂತ ತರಬೇತಿ ಕೊಟ್ಟಿರ್ತಾರೆ.”

“ಇರಲಿ. ನೀನೆಲ್ಲಿದ್ದೆ?”

“ಅಲ್ಲೇ ಇದ್ನಲ್ಲ!”

“ಬಾಗಿಲಲ್ಲಿ ಇದ್ದೆ. ಒಂದು ಕೈಲಿ ಫೋನು. ಅಲ್ಲಿಂದಲೇ ಎಂಟು ಮಾತು ಹೇಳಿ ಹೋದೆ, ಒಂದೂ ತಪ್ಪಿಲ್ಲ, ಎಲ್ಲ ಸರೀನೇ. ಪುಸ್ತಕ ಓದಿದ ಹಾಗಿತ್ತು.”

ವಕೀಲರ ಜೊತೆ ವಾದಕ್ಕಿಳಿಯಬಾರದು. ಎದ್ದು ಬಂದೆ. ಇಡೀ ಜೀವಮಾನ ಇದನ್ನೇ ಓದಿದವಳಿಗೆ, ಹೆತ್ತ ಮಗಳು, ಒಬ್ಬ ಮಾರಾಟದ ಹೆಂಗಸಿನ ಜೊತೆ ತೂಗಿ ನೋಡಿ ಹೇಳುವ ಮಾತೇ ಇದು? ಸಂಜೆಯವರೆಗೆ ಮಾತು ಬಿಟ್ಟೆ. ಆಮೇಲೆ ಪುಟ್ಟಿ ಅತ್ತಿತು. ಮಗಳು ಎತ್ತಿಕೊಂಡು ಕೂತಳು, ಬೆನ್ನು ಬಾಗಿಸಿಕೊಂಡು. ಹಾಗೆ ಕೂತರೆ ಸೊಂಟ ಹೋಗುತ್ತದೆ. ಹಿಂದೊಂದು ದಿಂಬು ತುರುಕಿದೆ.

ಮಾರ್ಚ್ 5

ಆ ಆಸ್ಪತ್ರೆಯ ಮೇಟ್ರನ್‌ಗೆ ಚೆನ್ನಾಗಿ ಬಿಸಿ ಮುಟ್ಟಿಸಿ ಬರೋಣವೆಂದು ಹೋದೆ. ಅವಳು ನನಗಿಂತ ಗಟ್ಟಿಗಿತ್ತಿ.

“ಕಂಪನಿಯವರನ್ನ ವಾರ್ಡಿಗೆ ಬಿಟ್ಟಿದ್ದು ಯಾರು?”

“ನಾನೇ. ಬರ್ಕೊಳ್ಳಿ.” ಟೇಬಲ್ಲಿನ ಮೇಲೆ ಕೈಯೂರಿದಳು. “ವಾರ್ಡು ತುಂಬಿ ನೆಲದ ಮೇಲೆ ಹಾಸಿಗೆ ಹಾಕಿದೀನಿ. ಇರೋದು ಇಬ್ಬರು ನರ್ಸು. ಒಬ್ಬಳು ಇಂಜೆಕ್ಷನ್ನು, ಒಬ್ಬಳು ಬರವಣಿಗೆ. ಬಾಣಂತಿ ಪಕ್ಕ ಕೂತು ಹೇಗಮ್ಮಾ ಇದ್ದೀಯ ಅಂತ ಕೇಳೋಕೆ ಯಾರಿದಾರೆ? ಅವಳಾದ್ರೂ ಕೂರ್ತಾಳೆ.”

“ಕೂತು ವಿಷ ತುಂಬ್ತಾಳೆ.”

“ಹೌದು. ಹಾಗಾದ್ರೆ ನಂಗೆ ಕೂರೋ ಜನ ಕೊಡಿ, ನಾಳೆನೇ ಅವಳ ಕೋಟು ಹಿಡಿದು ಆಚೆ ಹಾಕ್ತೀನಿ. ನಿಮ್ಮಂಥೋರು ಎಷ್ಟು ಜನ ಬಂದ್ರಿ! ತೂಕ ನೋಡಿದ್ರಿ, ಪ್ರಶ್ನೆ ಕೇಳಿದ್ರಿ, ಹೋದ್ರಿ. ಒಬ್ಬರಾದ್ರೂ ಕೂತ್ರಾ?”

ಸಿಟ್ಟಿನಲ್ಲೇ ಹೊರಗೆ ಬಂದೆ. ಇಷ್ಟು ದೊಡ್ಡ ಆಸ್ಪತ್ರೆ. ಬಾಗಿಲಲ್ಲಿ ಗ್ರಾನೈಟು, ಗೋಡೆಗೆ ತಾಯಿ-ಮಗುವಿನ ಆಳೆತ್ತರದ ಚಿತ್ರ, ಒಳಗೆ ಬಾಣಂತಿಗೆ ಒಂದು ಜೀವದ ಆಸರೆಯಿಲ್ಲ. ಖಾಲಿ ಬಿಟ್ಟ ಆ ಜಾಗಕ್ಕೆ ಕಂಪನಿ ನುಗ್ಗಿದೆ, ಅಷ್ಟೇ. ಬಾಗಿಲು ತೆರೆದಿಟ್ಟವರನ್ನು ಏನೆನ್ನಬೇಕು?

ಮಾರ್ಚ್ 12

ಇಡೀ ವಾರ ವರದಿಯ ಕೊನೆಯ ಅಧ್ಯಾಯವನ್ನು ತಿದ್ದುತ್ತಿದ್ದೇನೆ. ನಿರ್ದೇಶಕರ ವಾಕ್ಯ ಹಾಕಿಲ್ಲ, ಹಾಕುವುದೂ ಇಲ್ಲ. ಬದಲಿಗೆ ಒಂದು ಶಿಫಾರಸು ಸೇರಿಸಿದೆ: ಕಂಪನಿಯವರು ವಾರ್ಡಿಗೆ ಕಾಲಿಡಬಾರದು; ಪ್ರತಿ ಹೆರಿಗೆ ವಾರ್ಡಿನಲ್ಲಿ, ಬೇರಾವ ಕೆಲಸವೂ ಇಲ್ಲದೆ, ಬಾಣಂತಿಯರ ಜೊತೆ ಕೂರಲಿಕ್ಕೆಂದೇ ನರ್ಸುಗಳಿರಬೇಕು. “ತಾಯಂದಿರಲ್ಲಿ ಅರಿವಿನ ಕೊರತೆ” ಎಂಬ ಸಾಲನ್ನು ತೆಗೆದೆ. ಅಧ್ಯಾಯ ಉದ್ದವಾಗಿತ್ತು.

ಬಡಗಿಯನ್ನು ಕರೆಸಿ ನನ್ನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದೆ. ಆರಾಮ ಕುರ್ಚಿಯೊಂದನ್ನು ಗ್ರಂಥಾಲಯದಿಂದ ಎತ್ತಿಕೊಂಡು ಬಂದೆ. ಅಲ್ಲಿ ಯಾರೂ ಕೂರುವುದಿಲ್ಲ. ಲೆಕ್ಕದಮ್ಮನಿಗೆ, ಹೊತ್ತಿಗೆ ಸರಿಯಾಗಿ ಇಲ್ಲಿ ಬಂದು ಹಾಲು ತೆಗೆದುಕೋ, ನಾನು ಆಚೆ ಕೂತು ಓದುತ್ತೇನೆ ಎಂದೆ. ಫ್ರೀಜರುಗಳ ಬಾಗಿಲಿಗೆ ಅಡ್ಡ ಕೂತರೆ ಮಾದರಿಗಳಿಗೆ ತೊಂದರೆ. ಅವಳು ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿ, “ಥ್ಯಾಂಕ್ಸ್ ಮೇಡಂ” ಎಂದಳು.

ಪುಟ್ಟಿಯ ತೂಕ ಏರುತ್ತಿದೆ. ಹಳದಿ ಹೋಗಿದೆ. ಕೆನ್ನೆ ಬಂದಿದೆ.

ಮಾರ್ಚ್ 20

ಇವತ್ತು ವಿಜ್ಞಾನ ಸಮಿತಿಯ ಸಭೆ. ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ನಾನು ಒಳಗೆ ಹೋದರೆ ಆ ಇಸ್ತ್ರಿ ನಗುವಿನವನು ಆಗಲೇ ಟೀ ಕುಡಿಯುತ್ತ ಕೂತಿದ್ದ. ಇವರು ಯಾಕಿಲ್ಲಿ ಎಂದೆ. “ವೀಕ್ಷಕರು” ಎಂದರು ನಿರ್ದೇಶಕರು. ಕಳ್ಳತನದ ವಿಚಾರಣೆಗೆ ಕಳ್ಳನೇ ವೀಕ್ಷಕ! ಅದನ್ನು ಹೇಳಿಯೂಬಿಟ್ಟೆ. ಅವನ ಮುಖದ ಇಸ್ತ್ರಿಗೆ ಮೊದಲ ಬಾರಿ ಮಡಿಕೆ ಬಿತ್ತು.

ಲೆಕ್ಕದಮ್ಮ ಅಂಕಿಅಂಶ ವಿವರಿಸಲು ಎದ್ದಳು. ಅವಳದು ವರ್ಷ ವರ್ಷ ಮುಂದುವರಿಸುವ ಗುತ್ತಿಗೆ ಕೆಲಸ; ಮುಂದಿನ ತಿಂಗಳ ನಡುವಿಗೆ ನಿರ್ದೇಶಕರ ಸಹಿ ಬೀಳಬೇಕು. ನೀನು ಸುಮ್ಮನಿರು, ನಾನು ಮಾತಾಡುತ್ತೇನೆ ಎಂದು ಮೊದಲೇ ಹೇಳಿದ್ದೆ. ಕೇಳಲಿಲ್ಲ. ಪರದೆಯ ಮೇಲೆ ಒಂದೊಂದು ಪಟವನ್ನೂ ತೋರಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ತಡವರಿಸದೆ ಉತ್ತರ ಕೊಟ್ಟಳು. ಸಭೆ ಎಳೆಯಿತು. ಹಾಲು ತೆಗೆಯುವ ಹೊತ್ತು ಮೀರಿತ್ತು. ನೋಡುತ್ತ ನೋಡುತ್ತ ಅವಳ ಅಂಗಿಯ ಮುಂಭಾಗ ಒದ್ದೆಯಾಯಿತು.

ಕೋಣೆಯಲ್ಲಿದ್ದ ಗಂಡಸರೆಲ್ಲ ತಲೆಯೆತ್ತಿ ಫ್ಯಾನ್ ನೋಡತೊಡಗಿದರು. ಫ್ಯಾನ್ ತಿರುಗುತ್ತಲೂ ಇರಲಿಲ್ಲ. ಒಬ್ಬರು ಗಂಟಲು ಸರಿಮಾಡಿಕೊಂಡು, “ಬೇಕಿದ್ರೆ ಹೊರಗೆ ಹೋಗಿ ಬನ್ನಿ, ಏನೂ ಪರವಾಗಿಲ್ಲ” ಎಂದರು.

“ಇನ್ನೊಂದೇ ಪಟ ಇದೆ ಸರ್. ಮುಗಿಸಿ ಹೋಗ್ತೀನಿ” ಎಂದಳು. ಫೈಲು ಎದೆಗೆ ಅಡ್ಡ ಹಿಡಿಯಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಈ ಸಂಸ್ಥೆಯ ಗೋಡೆ, ಕುರ್ಚಿ, ನಿಮ್ಮ ನಮ್ಮ ಸಂಬಳ ಎಲ್ಲ ನಿಂತಿರೋದು ಇದೇ ಹಾಲಿನ ಮೇಲೆ. ಸೀಸೆಯಲ್ಲಿದ್ರೆ ಕನ್ನಡಕ ಹಾಕ್ಕೊಂಡು ನೋಡ್ತೀರಿ. ಈಗ ಫ್ಯಾನ್ ಯಾಕೆ ನೋಡ್ತೀರಿ? ಒಬ್ಬ ತಾಯಿ ಕೂತು ಹಾಲು ತೆಗೆಯೋಕೆ ಒಂದು ಚಿಲಕ ಹಾಕಿಸದ ಸಂಸ್ಥೆಗೆ ಹೊಸ ಕಟ್ಟಡ ಬೇರೆ ಕೇಡು!”

ಲೆಕ್ಕದಮ್ಮ ಕೊನೆಯ ಪಟ ತೋರಿಸಿದಳು. ಅಂಕಿಯಲ್ಲಿ ತಪ್ಪಿದೆಯೇ ಎಂದು ಕೇಳಿದಳು. ತಪ್ಪಿಲ್ಲ ಎಂದು ಎಲ್ಲರೂ ಒಪ್ಪಿದರು. ಆಮೇಲೆ ಒಮ್ಮತದಿಂದ, ವರದಿಯನ್ನು ಮರುಪರಿಶೀಲನೆಗೆ ಇಡುವುದೆಂದು ತೀರ್ಮಾನಿಸಿದರು.

ತಪ್ಪಿಲ್ಲದ್ದನ್ನು ಪರಿಶೀಲಿಸುವುದು ಹೇಗೆ? ಕಪಾಟಿನಲ್ಲಿಟ್ಟು.

ಮಾರ್ಚ್ 21

ಈ ಅಧ್ಯಯನವನ್ನು ಮಾಡಿಸಿದ್ದು ಆರೋಗ್ಯ ಇಲಾಖೆ. ಮುಖ್ಯ ಸಂಶೋಧಕಿ ನಾನು. ಒಪ್ಪಂದದ ಪ್ರಕಾರ ವರದಿ ಒಪ್ಪಿಸುವ ಹೊಣೆ ನನ್ನದು, ನಿರ್ದೇಶಕರದ್ದಲ್ಲ. ಮಗಳು ಆ ಒಪ್ಪಂದವನ್ನು ಎರಡು ಸಲ ಓದಿ, ಪುಟ್ಟಿಯನ್ನು ಭುಜದ ಮೇಲೆ ಹಾಕಿಕೊಂಡು ತಟ್ಟುತ್ತ, “ಹೋಗಿ ಕೊಟ್ಟು ಬಾ ಅಮ್ಮ. ಯಾರೂ ಕೂದಲೂ ಕೊಂಕಿಸೋಕಾಗಲ್ಲ” ಎಂದಳು. ಎಷ್ಟು ದಿನದ ಮೇಲೆ ಅವಳ ಆ ಕೋರ್ಟಿನ ದನಿ ಕೇಳಿದ್ದು!

ಇವರೂ ಜೊತೆಗೆ ಬಂದರು. ಇಲಾಖೆಯ ಕೌಂಟರಿನಲ್ಲಿದ್ದ ಗುಮಾಸ್ತ, ನಿರ್ದೇಶಕರ ಪತ್ರವಿಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದ. ನಾನು ದನಿಯೇರಿಸುವಷ್ಟರಲ್ಲಿ ಇವರು ನನ್ನನ್ನು ಪಕ್ಕಕ್ಕೆ ಸರಿಸಿ ಕಿಂಡಿಗೆ ಬಾಗಿದರು. “ಆಯ್ತು ಸ್ವಾಮಿ. ತಗೊಳ್ಳಲ್ಲ ಅಂತ ಒಂದು ಚೀಟಿ ಬರ್ದು, ಸಹಿ ಹಾಕಿ, ಹೆಸರು ಬರ್ದು ಕೊಟ್ಟುಬಿಡಿ, ನಾವು ಹೊರಡ್ತೀವಿ.” ಗುಮಾಸ್ತ ಇವರನ್ನೇ ನೋಡಿದ. ವರದಿಯನ್ನು ಒಳಗೆಳೆದುಕೊಂಡು ಠಸ್ಸೆ ಒತ್ತಿದ. ಹೊರಗೆ ಬಂದ ಮೇಲೆ ಇವರು, “ಆ ಕಡೆ ಕೂತವನಿಗೆ ಭಯ ಅದೊಂದೇ ನೋಡು” ಎಂದರು.

ಏಪ್ರಿಲ್ 3

ನನ್ನನ್ನು ಹಿರಿಯ ಸಲಹೆಗಾರ್ತಿ ಮಾಡಿದ್ದಾರೆ. ಅಂದರೆ ವಿಭಾಗ ಬೇರೆಯವರಿಗೆ, ನನಗೆ ಮೂಲೆಯಲ್ಲೊಂದು ಮೇಜು, ಸಲಹೆ ಕೇಳುವವರು ಯಾರೂ ಇಲ್ಲ. ಮಾಡಿಕೊಳ್ಳಲಿ.

ಆದರೆ ಕೋಣೆ! ಕೋಣೆಯನ್ನು ಕಿತ್ತುಕೊಂಡರು. ಆ ಕುರ್ಚಿ, ಆ ಚಿಲಕ. ಲೆಕ್ಕದಮ್ಮನ ಜೊತೆ ಈಗ ಪ್ರಯೋಗಾಲಯದ ಹುಡುಗಿ, ಕಸ ಗುಡಿಸುವ ಹೆಂಗಸು, ಇಬ್ಬರೂ ಬರಲು ಶುರುಮಾಡಿದ್ದರು. ಒಬ್ಬರಾದ ಮೇಲೆ ಒಬ್ಬರು ಸರದಿ ಹಚ್ಚಿಕೊಂಡಿದ್ದರು. ಈಗ ಅವರೆಲ್ಲಿಗೆ ಹೋಗಬೇಕು? ನಿರ್ದೇಶಕರ ಕೋಣೆಗೆ ನುಗ್ಗಿ ಕೂಗಾಡಿದೆ. “ನಿಮ್ಮ ಹುದ್ದೆ ಬಗ್ಗೆ ಬೇಜಾರಾಗಿರೋದು ಅರ್ಥ ಆಗತ್ತೆ ಮೇಡಂ” ಎಂದರು. ಹುದ್ದೆಯ ಮಾತು ಯಾರೆತ್ತಿದರು? ಚಿಲಕದ ವಿಷಯ ಹೇಳಿದರೆ ಈ ಮನುಷ್ಯನ ತಲೆಗೇ ಹೋಗುವುದಿಲ್ಲ.

ಏಪ್ರಿಲ್ 17

ಲೆಕ್ಕದಮ್ಮನ ಗುತ್ತಿಗೆ ಮುಂದುವರಿಸಲಿಲ್ಲ. ಅನುದಾನದ ಕೊರತೆಯಂತೆ. ಅದೇ ವಾರ ಸಭಾಂಗಣಕ್ಕೆ ಹೊಸ ಪರದೆ ಬಂದಿದೆ.

ಅವಳು ಪೆಟ್ಟಿಗೆ ಕಟ್ಟುವಾಗ ನಾನೂ ಇದ್ದೆ. ದಾರದ ತುದಿ ಹಿಡಿದುಕೊಂಡೆ. ಅವಳೇ, “ವಿಶ್ವವಿದ್ಯಾಲಯದಲ್ಲಿ ಕೇಳಿದೀನಿ ಮೇಡಂ, ಸಿಗೋ ಹಾಗಿದೆ. ನೀವು ಬರ್ದುಕೊಟ್ಟ ಪತ್ರ ನೋಡಿ ಫೋನ್ ಮಾಡಿದ್ರು” ಎಂದಳು. ಸಿಗಲೇಬೇಕು. ಸಿಗದಿದ್ದರೆ ಅಲ್ಲಿಗೂ ಹೋಗಿ ಕೂಗಾಡುತ್ತೇನೆ. ಅವಳ ಮಗನ ಫೋಟೋ ತೋರಿಸಿದಳು. ಇಷ್ಟು ತಿಂಗಳಲ್ಲಿ ನಾನು ಅವನ ಹೆಸರೂ ಕೇಳಿರಲಿಲ್ಲ.

ಮನೆಗೆ ಬಂದರೆ ಮಗಳು ಹೇಳಿದಳು: “ಅಮ್ಮಾ, ಒಂದು ಮಾತು, ಬೈಬೇಡ. ಇನ್ನೇನು ಕೆಲಸಕ್ಕೆ ಹೋಗಬೇಕು. ಬೆಳಗ್ಗೆ, ಸಂಜೆ, ರಾತ್ರಿ ನನ್ನ ಹಾಲು. ನಾನು ಕೋರ್ಟಲ್ಲಿರೋ ಹೊತ್ತಿಗೆ ಡಬ್ಬಿದು. ಇಷ್ಟೇ ನನ್ನ ಕೈಲಾಗೋದು.”

ಸರಿ ಎಂದೆ. ನೀರು ಕುದಿಸಿ ಕೊಡು, ಅಷ್ಟೇ. ಅವಳು ಇನ್ನೂ ಏನೋ ಬರುತ್ತದೆ ಎಂದು ಕಾದಳು. ನನಗೆ ಹಸಿವಾಗಿತ್ತು, ಊಟಕ್ಕೆ ಕೂತೆ.

ಮೇ 4

ಸಂಸ್ಥೆಯಲ್ಲಿ ಸಲಹೆ ಕೇಳುವವರಿಲ್ಲವಾದ್ದರಿಂದ ಬೆಳಗಿನ ಹೊತ್ತು ಆ ಮೇಟ್ರನ್ನಿನ ವಾರ್ಡಿಗೆ ಹೋಗುತ್ತಿದ್ದೇನೆ. “ಸಂಬಳ ಇಲ್ಲ” ಎಂದಳು. “ಕೇಳಿದ್ನಾ?” ಎಂದೆ. ಪಿಂಕ್ ಕೋಟಿನವಳೂ ಬಂದಿದ್ದಳು. ಮೇಟ್ರನ್ ನನ್ನ ಕಡೆ ಕೈ ತೋರಿಸಿ, “ಕೂರೋ ಜನ ಬಂದಿದಾರೆ, ನೀನು ಹೊರಡಮ್ಮ” ಎಂದಳು. ನಾನು ಬೈಯಬೇಕೆಂದು ಎದ್ದೆ. ಹತ್ತಿರ ಹೋಗಿ ನೋಡಿದರೆ ಅವಳ ಚಪ್ಪಲಿಯ ಪಟ್ಟಿಗೆ ಪಿನ್ನು ಹಾಕಿತ್ತು. ಬೈಗುಳವನ್ನು ಅವಳ ಮಾಲೀಕರಿಗೆಂದು ಉಳಿಸಿಕೊಂಡೆ.

ಜೂನ್ 9

ಇಲಾಖೆಯ ಆದೇಶ ಹೊರಬಿದ್ದಿದೆ. ಹಾಲುಪುಡಿ ಕಂಪನಿಗಳವರು ಇನ್ನು ಯಾವ ಹೆರಿಗೆ ವಾರ್ಡಿಗೂ ಕಾಲಿಡುವಂತಿಲ್ಲ. ನಿರ್ದೇಶಕರು ಪತ್ರಿಕಾಗೋಷ್ಠಿ ಮಾಡಿ “ನಮ್ಮ ಸಂಸ್ಥೆಯ ದಿಟ್ಟ ಸಂಶೋಧನೆ” ಎಂದರಂತೆ. ನರ್ಸುಗಳ ನೇಮಕದ ಬಗ್ಗೆ ಆದೇಶದಲ್ಲಿ ಚಕಾರವಿಲ್ಲ. ಸೋಮವಾರ ಇಲಾಖೆಗೆ ಹೋಗಿ ಆ ಜಗಳ ಶುರುಮಾಡಬೇಕು. ಲೆಕ್ಕದಮ್ಮ ತನ್ನ ಹೊಸ ಕೆಲಸದಿಂದ ಬಿಡುವು ಮಾಡಿಕೊಂಡು ಬರುತ್ತೇನೆಂದಿದ್ದಾಳೆ.

ಇವತ್ತು ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆಗೆ ಒಬ್ಬಳು ಹುಡುಗಿ ಬಂದಿದ್ದಾಳೆ. ಹುಡುಗಿಯೇ, ಬಾಣಂತಿ ಎನ್ನಲು ಬಾಯಿ ಬರುವುದಿಲ್ಲ. ಗಂಡ ದೂರದಲ್ಲೆಲ್ಲೋ ಕೆಲಸದಲ್ಲಿದ್ದಾನೆ, ರಜೆ ಸಿಕ್ಕಿಲ್ಲ. ಅವಳ ಕಡೆಯಿಂದ ಯಾರೂ ಬಂದಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಮಗುವನ್ನು ಗಾಜಿನ ಪಾತ್ರೆ ಹಿಡಿದಂತೆ ಎರಡೂ ಕೈ ಚಾಚಿ ಹಿಡಿದಿದ್ದಳು. ಗಂಡುಮಗು, ಗಂಟಲು ಹರಿಯುವಂತೆ ಅಳುತ್ತಿತ್ತು. ಅವಳೂ ಅಳುತ್ತಿದ್ದಳು, ಸದ್ದಿಲ್ಲದೆ.

ಹಾಸಿಗೆಯ ಅಂಚಿನಲ್ಲಿ ಕೂತೆ. ಮೊದಲು ನೀರು ಕುಡಿಸಿದೆ. ಮಗುವನ್ನು ಅವಳ ಮೈಗೆ ಒತ್ತಿ ಮಲಗಿಸಿ, ಹೊಟ್ಟೆಗೆ ಹೊಟ್ಟೆ ತಾಗಿಸಿದೆ. ಬಾಯಿ ಆಕಳಿಸುವಷ್ಟು ಅಗಲವಾಗುವವರೆಗೆ ಕಾಯೋಣ ಎಂದೆ. ಹಿಡಿಯಿತು, ಜಾರಿತು. ಮತ್ತೆ ಹಿಡಿಯಿತು. ಅವಳು ಹಲ್ಲು ಕಚ್ಚಿದಳು.

“ನೋವಾಗತ್ತೆ ಆಂಟಿ. ತಡ್ಕೋಬೇಕಾ?”

“ಬೇಡ. ಕಿರುಬೆರಳು ಇಟ್ಟು ಬಿಡಿಸ್ಕೋ. ಇನ್ನೊಂದು ಸಲ ನೋಡೋಣ. ಅವನಿಗೂ ಹೊಸದು, ನಿನಗೂ ಹೊಸದು.”

“ನನಗೆ ಹಾಲೇ ಇಲ್ವೇನೋ.”

“ಇದ್ರೂ ಇರಬಹುದು, ಕಡಿಮೆ ಇದ್ರೂ ಇರಬಹುದು. ಕಡಿಮೆ ಆದ್ರೆ ಅದಕ್ಕೂ ದಾರಿ ಇದೆ. ಇವತ್ತೇ ತೀರ್ಮಾನ ಆಗಬೇಕಾಗಿಲ್ಲ.”

ಎಷ್ಟೋ ಸಲ ತಪ್ಪಿತು. ಕೊನೆಗೆ ಒಂದು ಸಲ ಬಾಯಿ ಸರಿಯಾಗಿ ಕೂತಿತು. ಅಳು ನಿಂತು, ಗುಟುಕು ಇಳಿಯುವ ಸದ್ದು ಕೇಳಿಸಿತು. ಆ ಸದ್ದನ್ನು ಹಿಂದೊಮ್ಮೆ ಯಂತ್ರವಿಟ್ಟು ದಾಖಲಿಸಿ ಪ್ರಬಂಧ ಬರೆದಿದ್ದೆ. ಅವಳು ಉಸಿರು ಬಿಗಿಹಿಡಿದು ನನ್ನ ಮುಖ ನೋಡಿದಳು. “ಕುಡೀತಿದಾನಾ?” ಕುಡೀತಿದಾನೆ ಎಂದೆ. ಅವಳ ಹೆಗಲು ಇಳಿಯಿತು. ಅಲ್ಲಾಡಿದರೆ ಬಾಯಿ ತಪ್ಪೀತೆಂದು ಇಬ್ಬರೂ ಕದಲದೆ ಕೂತೆವು.

ಅಷ್ಟರಲ್ಲಿ ಬಾಗಿಲ ಕಾವಲಿನವನು ಬಂದ. ಹೊಸಬ, ನನ್ನ ಗುರುತಿಲ್ಲ. ಡಾಕ್ಟರು ಬರುವ ಹೊತ್ತು, ಜನರನ್ನೆಲ್ಲ ಆಚೆ ಕಳಿಸುತ್ತಿದ್ದ. “ಪೇಷೆಂಟ್ ಕಡೆಯೋರು ಒಬ್ಬೊಬ್ಬರೇ ಇರಬೇಕು! ಏನಮ್ಮಾ, ನೀವು ಯಾರ ಕಡೆಯೋರು?”

ನಾನು ಗುರುತಿನ ಚೀಟಿಗೆಂದು ಚೀಲದಲ್ಲಿ ಕೈ ಹಾಕಿದೆ. ಅದು ಸಿಗುವ ಮೊದಲೇ ಆ ಹುಡುಗಿ ಮಗುವಿನಿಂದ ಕಣ್ಣು ಕೀಳದೆ ಹೇಳಿದಳು:

“ನಮ್ಮ ಕಡೆಯೋರು.”